ಹಣ್ಣಿನ ಟಾರ್ಟು ಮತ್ತು ಸೀಬೆಯ ಗುಣ

ಟಾರ್ಟು ಎಂಬುದು ಐರೋಪ್ಯರ ಭಕ್ಷ್ಯ. ಬೇಯಿಸಿದ ಹಿಟ್ಟಿನ ತಟ್ಟೆಯಲ್ಲಿ ಹಣ್ಣನ್ನು ಜೋಡಿಸಿದುದು. ಅದಕ್ಕೆ ಬೆಲೆಯುಳ್ಳ ಸೇಬೇ ಆಗಬೇಕೆಂದು ಅನೇಕರ ಭಾವನೆ. ರೋಗಿಯ ಮಗ್ಗುಲಲ್ಲಿಯೂ ನಾವು ಇರಿಸುವುದು ಸೇಬನ್ನೇ. ಆದರೆ 100 ಗ್ರಾಂ ಸೇಬಿನಲ್ಲಿ 'ಸಿ' ಜೀವಸತ್ವವು ಸುಮಾರು 5 ಮಿಲಿಗ್ರಾಂ, ಕಿತ್ತಳೆಯಲ್ಲಿ ಸುಮಾರು 50. ನಮ್ಮ ಹಿತ್ತಲಿನ ಸೀಬೆಯಲ್ಲಿಯಾದರೋ 200ಕ್ಕೂ ಮಿಗಿಲು! ಈ ಸತ್ವವನ್ನು ಮನುಷ್ಯದೇಹವು ತಾನಾಗಿ ನಿರ್ಮಿಸಿಕೊಳ್ಳಲಾರದು. ಒಸಡುಗಳ ದಾರ್ಢ್ಯಕ್ಕೂ, ರಾಗಿ ಸೊಪ್ಪುಗಳಲ್ಲಿರುವ ಕಬ್ಬಿಣಾಂಶವು ಮೈಗೆ ಹತ್ತುವುದಕ್ಕೂ ಅದು ಬೇಕು.

ಈ ಸತ್ವವು ಬೆಂಕಿಯಿಂದ ನಾಶವಾಗುತ್ತದೆ. ಹೆಚ್ಚಿಟ್ಟರೆ ಗಾಳಿಯಿಂದಲೂ ಕುಗ್ಗುತ್ತದೆ. ಆದುದರಿಂದ ತಟ್ಟೆಯನ್ನು ಮಾತ್ರ ಬೇಯಿಸಿ, ಹಣ್ಣನ್ನು ಹಸಿಯಾಗಿಯೇ ಇಡತಕ್ಕದ್ದು. ತೂಕದಲ್ಲಿ ಎರಡು ಪಾಲು ಮೈದಾಹಿಟ್ಟಿಗೆ ಒಂದು ಪಾಲು ತಣ್ಣನೆಯ ಬೆಣ್ಣೆಯನ್ನು ಬೆರಳತುದಿಯಿಂದ ಉಜ್ಜಿ, ತಣ್ಣೀರು ಚಿಮುಕಿಸಿ ಉಂಡೆಗಟ್ಟಿರಿ. ಚಪಾತಿಯ ಹಿಟ್ಟಿನಂತೆ ನಾದಿದರೆ ಜಿಗುಟು ಹೆಚ್ಚಿ ತಟ್ಟೆಯು ಗಡುಸಾಗುವುದು. ಅರ್ಧ ಗಂಟೆ ತಂಪಿನಲ್ಲಿಟ್ಟು, ಲಟ್ಟಿಸಿ, ತಗಡಿನ ಅಚ್ಚಿನಲ್ಲಿ ಹರಡಿ, ಅಲ್ಲಲ್ಲಿ ಚುಚ್ಚಿರಿ. ಮೇಲೆ ಕಾಗದ ಹಾಸಿ ಒಣ ಅವರೆಕಾಳನ್ನು ಹೇರಿದರೆ ಅದು ಉಬ್ಬದು. 190 ಡಿಗ್ರಿ ಸೆಂಟಿಗ್ರೇಡಿನ ಓವನ್ನಿನಲ್ಲಿ 15 ನಿಮಿಷವಿರಿಸಿ, ಕಾಳನ್ನು ತೆಗೆದು, ಹೊಂಬಣ್ಣ ಬರುವವರೆಗೆ ಬೇಯಿಸಿರಿ. ಆರಿದ ಮೇಲೆ, ನೀರು ಬಸಿದ ಗಟ್ಟಿಮೊಸರಿಗೆ ಜೇನು ಬೆರೆಸಿ ತುಂಬಿ, ಬಡಿಸುವ ವೇಳೆಗೆ ಸೀಬೆಯನ್ನು ಹೆಚ್ಚಿ ಜೋಡಿಸಿರಿ.

ಮೈದಾ, ಬೆಣ್ಣೆಗಳು ನಿತ್ಯದ ಆಹಾರವಲ್ಲ. ಟಾರ್ಟು ವಿಶೇಷದ ದಿನಕ್ಕಿರಲಿ. ಸೀಬೆಯನ್ನು ಮಾತ್ರ, ಅದರ ಕಾಲವಿರುವಷ್ಟು ದಿನವೂ ಮಕ್ಕಳ ಕೈಗೆ ಕೊಡಿರಿ. ಬೆಲೆ ಅಲ್ಪವೆಂದು ಅದರ ಗುಣ ಅಲ್ಪವಾಗದು.