ರೋಮ್ ನಗರದ ಕಾವಲು ಪಡೆಗಳು: ರಕ್ಷಣೆ ಮತ್ತು ಅಧಿಕಾರ

ಪ್ರಾಚೀನ ರೋಮ್ ನಗರದ ಕಾವಲು ವ್ಯವಸ್ಥೆಯನ್ನು ‘ಪೊಲೀಸ್’ ಎಂಬ ಇಂದಿನ ಪದದಿಂದ ಗುರುತಿಸುವುದುಂಟು. ಆದರೆ ಆ ವ್ಯವಸ್ಥೆ ರೂಪುಗೊಂಡ ಬಗೆಯನ್ನು ಪರಿಶೀಲಿಸಿದಾಗ, ಪ್ರಜೆಯ ರಕ್ಷಣೆಗಿಂತ ಪ್ರಭುವಿನ ರಕ್ಷಣೆಯೇ ಅದರ ಪ್ರಧಾನ ಕಾಳಜಿಯಾಗಿತ್ತೆಂಬುದು ಸ್ಪಷ್ಟವಾಗುತ್ತದೆ.

ಗಣರಾಜ್ಯದ ಕಾಲದಲ್ಲಿ ವಿಜಯೋತ್ಸವದಂತಹ ಸಂದರ್ಭಗಳನ್ನುಳಿದು ನಗರದ ಪವಿತ್ರ ಎಲ್ಲೆಯೊಳಗೆ ಸಶಸ್ತ್ರ ಸೈನ್ಯ ಪ್ರವೇಶಿಸುವಂತಿರಲಿಲ್ಲ. ಕಳ್ಳತನ, ಹಲ್ಲೆಗಳಿಗೆ ಒಳಗಾದವರು ಬಹುಮಟ್ಟಿಗೆ ಬಂಧುಗಳ ಹಾಗೂ ನೆರೆಯವರ ನೆರವನ್ನೇ ಅವಲಂಬಿಸಬೇಕಿತ್ತು. ಅಂತರ್ಯುದ್ಧಗಳ ತರುವಾಯ ಅಧಿಕಾರಕ್ಕೆ ಬಂದ ಅಗಸ್ಟಸ್ ಈ ಸಂಪ್ರದಾಯವನ್ನು ಮುರಿದನಾದರೂ ಎಚ್ಚರಿಕೆಯಿಂದಲೇ ಮುರಿದನು. ಅವನ ಅಂಗರಕ್ಷಕ ದಳವಾದ ಪ್ರಿಟೋರಿಯನ್ ಪಡೆಯ 3 ತುಕಡಿಗಳನ್ನು ಮಾತ್ರ ನಗರದಲ್ಲಿರಿಸಿ, ಉಳಿದವನ್ನು ಸುತ್ತಲಿನ ಪಟ್ಟಣಗಳಿಗೆ ಕಳುಹಿಸುತ್ತಿದ್ದನೆಂದು ಚರಿತ್ರಕಾರ ಸ್ವೆಟೋನಿಯಸ್ ತಿಳಿಸುತ್ತಾನೆ. ಕ್ರಿ.ಪೂ. 2ರಲ್ಲಿ ಈ ಪಡೆಗೆ ಇಬ್ಬರು ಅಧಿಪತಿಗಳು ನೇಮಕಗೊಂಡರು. ಶಾಂತಿಪಾಲನೆಗೆಂದು ರಚಿತವಾದ ನಗರ ತುಕಡಿಗಳು ಸೆನೆಟ್ ಸದಸ್ಯನಾದ ನಗರಾಧಿಪತಿಯ ಅಧೀನದಲ್ಲಿದ್ದವು. ಕ್ರಿ.ಶ. 6ರಲ್ಲಿ ವಿಜಿಲೆಸ್ ಎಂಬ ಮೂರನೆಯ ಪಡೆ ಅಸ್ತಿತ್ವಕ್ಕೆ ಬಂದಿತು. ನಗರದ 14 ವಿಭಾಗಗಳಿಗೆ ಇದರ 7 ತುಕಡಿಗಳು. ಒಂದೊಂದಕ್ಕೂ 2 ವಿಭಾಗಗಳ ಹೊಣೆ. ಬೆಂಕಿ ನಂದಿಸುವುದು, ರಾತ್ರಿ ಗಸ್ತು ತಿರುಗುವುದು ಇದರ ಕೆಲಸ. ಜನಸಾಮಾನ್ಯರ ನಿತ್ಯದ ಬದುಕಿಗೆ ಅತ್ಯಂತ ಸಮೀಪವಾಗಿದ್ದ ಈ ಪಡೆಗೆ ಆರಂಭದಲ್ಲಿ ದಾಸ್ಯದಿಂದ ಬಿಡುಗಡೆ ಹೊಂದಿದವರನ್ನು ಸೇರಿಸಿಕೊಳ್ಳಲಾಯಿತೆಂಬುದು ಗಮನಾರ್ಹ.

ಹೀಗೆ ಅಧಿಕಾರವನ್ನು ಹಂಚಿದ್ದರಿಂದ ಒಂದು ಪಡೆಯನ್ನು ಇನ್ನೊಂದರ ಮೂಲಕ ನಿಯಂತ್ರಿಸಲು ಸಾಧ್ಯವಿತ್ತು. ಟೈಬೀರಿಯಸ್‌ನ ಆಳ್ವಿಕೆಯಲ್ಲಿ ಪ್ರಿಟೋರಿಯನ್ ಪಡೆಯ ಏಕೈಕ ಅಧಿಪತಿಯಾಗಿದ್ದ ಸೆಜೇನಸ್, ಕ್ರಿ.ಶ. 23ರ ವೇಳೆಗೆ ಅದರ ತುಕಡಿಗಳನ್ನೆಲ್ಲ ನಗರದಂಚಿನ ಒಂದೇ ಶಿಬಿರಕ್ಕೆ ತಂದು ಪ್ರಬಲನಾದನು. ಕ್ರಿ.ಶ. 31ರಲ್ಲಿ ಅವನನ್ನು ಸೆನೆಟ್ ಸಭೆಯಲ್ಲಿ ಬಂಧಿಸಿದಾಗ ಹೊರಗೆ ಕಾವಲು ನಿಂತವರು ಅವನ ಸೈನಿಕರಲ್ಲ, ವಿಜಿಲೆಸ್ ಪಡೆಯವರು.

ಸೆಜೇನಸ್ ಅಳಿದರೂ ಶಿಬಿರ ಉಳಿಯಿತು. ಕ್ರಿ.ಶ. 41ರಲ್ಲಿ ಕಲಿಗುಲನ ಕೊಲೆಯಲ್ಲಿ ಅಂಗರಕ್ಷಕ ಪಡೆಯ ಅಧಿಕಾರಿಗಳೇ ಪಾಲ್ಗೊಂಡರು. ಅದೇ ಪಡೆಯ ಸೈನಿಕರು ಕ್ಲಾಡಿಯಸ್‌ನನ್ನು ಶಿಬಿರಕ್ಕೆ ಕರೆದೊಯ್ದು ಸಾಮ್ರಾಟನೆಂದು ಘೋಷಿಸಿದರು. ಅವನು ಪ್ರತಿಯೊಬ್ಬ ಸೈನಿಕನಿಗೆ 15,000 ಸೆಸ್ಟರ್ಸ್ ನಾಣ್ಯಗಳ ವಾಗ್ದಾನ ಮಾಡಿದನೆಂದು ಸ್ವೆಟೋನಿಯಸ್ ಹೇಳುತ್ತಾನೆ. ಕ್ರಿ.ಶ. 193ರಲ್ಲಿ ಪರ್ಟಿನಾಕ್ಸ್‌ನನ್ನು ಕೊಂದ ಈ ಪಡೆ ಸಿಂಹಾಸನವನ್ನೇ ಹರಾಜಿಗಿಟ್ಟಿತು. ಹೆಚ್ಚು ಬೆಲೆ ಕೂಗಿದ ಡಿಡಿಯಸ್ ಜೂಲಿಯಾನಸ್ ಸಾಮ್ರಾಟನಾದನು. ಅದೇ ವರ್ಷ ಸೆಪ್ಟಿಮಿಯಸ್ ಸೆವೆರಸ್ ಹಳೆಯ ಕಾವಲುಗಾರರನ್ನು ವಜಾಗೊಳಿಸಿ ತನ್ನ ಸೈನಿಕರನ್ನು ಸೇರಿಸಿದನೇ ಹೊರತು ಪಡೆಯನ್ನು ರದ್ದುಗೊಳಿಸಲಿಲ್ಲ. ಅದನ್ನು ವಿಸರ್ಜಿಸಿದವನು ಕ್ರಿ.ಶ. 312ರಲ್ಲಿ ಮ್ಯಾಕ್ಸೆಂಟಿಯಸ್‌ನನ್ನು ಸೋಲಿಸಿದ ಕಾನ್‌ಸ್ಟಂಟೈನ್.

ಒಟ್ಟಿನಲ್ಲಿ, ಕಾಯುವವರ ನಿಷ್ಠೆ ಕಾನೂನಿಗೆ ಬದ್ಧವಾಗದೆ ವ್ಯಕ್ತಿಗೆ ಮೀಸಲಾದಾಗ ಆ ನಿಷ್ಠೆಗೊಂದು ಬೆಲೆ ನಿಗದಿಯಾಗುತ್ತದೆ ಎಂಬುದನ್ನು ಈ ಮೂರು ಶತಮಾನಗಳ ಚರಿತ್ರೆ ಮನಗಾಣಿಸುತ್ತದೆ.