ವೈದ್ಯವಿದ್ಯೆಯ ಸೀಟೂ ವಶೀಲಿಯೂ

ನೀಟ್ ಪರೀಕ್ಷೆಯ ಫಲ ಹೊರಬಿದ್ದ ಕೆಲವು ವಾರಗಳವರೆಗೆ ಯಲಹಂಕ, ಹೆಬ್ಬಾಳ, ಆರ್. ಟಿ. ನಗರ, ಯಶವಂತಪುರಗಳ ಎಷ್ಟೋ ಮನೆಗಳಲ್ಲಿ ಬೇರೆ ಮಾತೇ ಇರುವುದಿಲ್ಲ. ಮಗಳಿಗೆ ಬಂದ ಅಂಕ ಕಡಮೆಯೇನೂ ಅಲ್ಲ. ಆದರೆ ಮೊದಲನೆಯ ಸುತ್ತಿನಲ್ಲಿ ಸೀಟು ದೊರೆಯುವಷ್ಟೂ ಅಲ್ಲ. ಆಗ ಮನೆಯ ಹಿರಿಯರ ಬಾಯಿಂದ ಹೊರಡುವ ಮೊದಲನೆಯ ಪ್ರಶ್ನೆ, “ನಮ್ಮವರು ಯಾರಾದರೂ ಅಲ್ಲಿ ಇದ್ದಾರೆಯೆ?” ಎಂಬುದು. ಸೋದರಮಾವನ ಸ್ನೇಹಿತರೊಬ್ಬರು ಕಾಲೇಜಿನಲ್ಲಿರುವರೆಂದೂ ಬೀಗರ ಕಡೆಯವರೊಬ್ಬರಿಗೆ ಮಂತ್ರಿಗಳ ಪರಿಚಯವುಂಟೆಂದೂ ನೆನಪಾಗುವುದು ಆಗಲೇ. ಇದಕ್ಕೆ ನಮ್ಮ ಜನರು ಇಟ್ಟಿರುವ ಹೆಸರು ವಶೀಲಿ. ವೈದ್ಯವಿದ್ಯೆಯ ವಿಷಯದಲ್ಲಿ ಈ ವಶೀಲಿಯ ಬೆಲೆ ಎಷ್ಟೆಂಬುದನ್ನು ಗೃಹಸ್ಥರಾದವರು ವಿಚಾರಮಾಡಿ ತಿಳಿದಿರುವುದು ಒಳ್ಳೆಯದು.

ಈ ನಂಬಿಕೆ ಬರಿಯ ಭ್ರಮೆಯಿಂದ ಹುಟ್ಟಿದುದಲ್ಲ. ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು ೧೯೨೪ರಲ್ಲಿ ಬೆಂಗಳೂರಿನಲ್ಲಿಯೇ ಆರಂಭವಾಗಿ ೧೯೩೦ರಲ್ಲಿ ಮೈಸೂರಿಗೆ ಹೋಯಿತು. ಮಣಿಪಾಲದಲ್ಲಿ ೧೯೫೩ರಲ್ಲಿಯೂ ಬೆಂಗಳೂರಿನಲ್ಲಿ ೧೯೫೫ರಲ್ಲಿಯೂ ಕಾಲೇಜುಗಳಾದುವು. ಕಲಿಯಬಯಸುವವರು ಬಹಳ, ಸ್ಥಳಗಳು ಸ್ವಲ್ಪ. ಆರಿಸುವವರ ಕೈಗೆ ಅಧಿಕಾರ ಬಂದುದು ಇದರಿಂದಲೇ. ೧೯೬೩ರಲ್ಲಿ ಮೈಸೂರು ಸರ್ಕಾರವು ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಆಯ್ಕೆಗೆ ಸಂದರ್ಶನವೆಂಬುದನ್ನು ಸೇರಿಸಿ, ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳಲ್ಲಿ ನೂರಕ್ಕೆ ೨೫ರಷ್ಟನ್ನು ಅದಕ್ಕಾಗಿ ಇಟ್ಟಿತು. ಸಾಮಾನ್ಯಜ್ಞಾನ, ವ್ಯಕ್ತಿತ್ವ, ಆಟಪಾಟಗಳು ಮೊದಲಾದುವನ್ನು ನೋಡಿ ಈ ಅಂಕವನ್ನು ಕೊಡಬೇಕಾಗಿದ್ದಿತು. ಸಂದರ್ಶನದಿಂದ ಸ್ಥಳ ತಪ್ಪಿತೆಂದು ಕೆಲವು ವಿದ್ಯಾರ್ಥಿಗಳು ನ್ಯಾಯಾಲಯಕ್ಕೆ ಹೋದರು. ಚಿತ್ರಲೇಖಾ ಮೊಕದ್ದಮೆಯೆಂದು ಹೆಸರಾದ ಅದರಲ್ಲಿ ಸುಪ್ರೀಂ ಕೋರ್ಟು ೧೯೬೪ರಲ್ಲಿ ಸಂದರ್ಶನದ ಪದ್ಧತಿಯನ್ನು ಎತ್ತಿಹಿಡಿಯಿತು. ಕಾನೂನಿನ ಮಾತು ಅಲ್ಲಿಗೆ ಮುಗಿದರೂ ತಂದೆತಾಯಿಗಳ ಮನಸ್ಸಿನ ಶಂಕೆ ಮುಗಿಯಲಿಲ್ಲ. ಲೆಕ್ಕಹಾಕಿ ತೋರಿಸಲಾಗದ ಅಂಕ ಎಲ್ಲಿರುವುದೋ ಅಲ್ಲಿ ಶಿಫಾರಸಿನ ಕಾಗದಕ್ಕೆ ಬಾಗಿಲು ತೆರೆದಂತೆಯೇ ಸರಿ.

ಮುಂದೆ ಖಾಸಗಿ ಕಾಲೇಜುಗಳು ಹೆಚ್ಚಿದುವು. ನಮ್ಮ ಉತ್ತರ ಭಾಗದಲ್ಲಿಯೇ ಮತ್ತಿಕೆರೆಯ ಬಳಿಯ ರಾಮಯ್ಯ ವೈದ್ಯಕೀಯ ಕಾಲೇಜು ೧೯೭೯ರಲ್ಲಿ ಸ್ಥಾಪಿತವಾಯಿತು. ಈ ಕಾಲದಲ್ಲಿ ನಾಡಿನಲ್ಲಿ ಪರಿಚಯದ ಜೊತೆಗೆ ಹಣವೂ ಸೇರಿ, ‘ಡೊನೇಷನ್’ ಎಂಬ ಮಾತು ಮನೆಮಾತಾಯಿತು. ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ ೧೯೮೪ರಲ್ಲಿಯೇ ಆಗಿದ್ದರೂ ಆ ಪದ್ಧತಿ ನಿಲ್ಲಲಿಲ್ಲ. ೧೯೯೨ರ ಮೋಹಿನಿ ಜೈನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅಂಥ ಶುಲ್ಕವನ್ನು ಖಂಡಿಸಿತು; ಆ ಮೊಕದ್ದಮೆ ಹುಟ್ಟಿದುದೂ ಕರ್ನಾಟಕದ ಕಾಲೇಜೊಂದರಿಂದಲೇ. ೧೯೯೪ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯು ಬಂದ ಮೇಲೆ ಅಂಕಕ್ಕೆ ತಕ್ಕ ಸ್ಥಾನ, ಸ್ಥಾನಕ್ಕೆ ತಕ್ಕ ಸೀಟು ಎಂಬ ಕ್ರಮ ಬೇರೂರಿತು. ಈಗ ದೇಶಕ್ಕೆಲ್ಲ ನೀಟ್ ಒಂದೇ ಅಳತೆಗೋಲಾಗಿದೆ.

ಈಗ ನಮ್ಮ ರಾಜ್ಯದ ಸೀಟುಗಳ ಹಂಚಿಕೆ ನಡೆಯುವುದು ಮಲ್ಲೇಶ್ವರದಲ್ಲಿರುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ. ಅಖಿಲ ಭಾರತ ಪಾಲಿನ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳ ಹಂಚಿಕೆ ದೆಹಲಿಯ ಸಮಿತಿಯ ಮೂಲಕ. ವಾಚಕರು ಮುಖ್ಯವಾಗಿ ತಿಳಿಯತಕ್ಕದ್ದು ಇಷ್ಟು: ಕಾಯುವವರ ಪಟ್ಟಿಯೆಂಬುದು ಯಾವ ಪ್ರಾಂಶುಪಾಲರ ಮೇಜಿನ ಖಾನೆಯಲ್ಲಿಯೂ ಇಲ್ಲ. ಮೊದಲ ಸುತ್ತಿನಲ್ಲಿ ಸೀಟು ಪಡೆದವರಲ್ಲಿ ಕೆಲವರು ಅಖಿಲ ಭಾರತ ಸೀಟಿಗೋ ಬೇರೆ ಊರಿಗೋ ಹೋಗುತ್ತಾರೆ. ಅವರು ಬಿಟ್ಟ ಸ್ಥಳಗಳು ಮುಂದಿನ ಸುತ್ತಿಗೆ ಬಂದು, ಮತ್ತೆ ಸ್ಥಾನದ ಕ್ರಮದಲ್ಲಿಯೇ ಹಂಚಲ್ಪಡುತ್ತವೆ. ಮ್ಯಾನೇಜ್‌ಮೆಂಟ್ ಪಾಲಿಗೂ ಅನಿವಾಸಿ ಭಾರತೀಯರ ಪಾಲಿಗೂ ನೀಟ್ ಅರ್ಹತೆ ಬೇಕೇ ಬೇಕು. ಹೀಗಿರುವಲ್ಲಿ, “ನಾನು ಒಂದು ಮಾತು ಹೇಳಿಬಿಡುತ್ತೇನೆ” ಎನ್ನುವ ದೊಡ್ಡ ಮನುಷ್ಯರು ಆ ಮಾತನ್ನು ಯಾರಿಗೆ ಹೇಳುವರು?

ಆದರೂ ಮಾತನ್ನು ಮಾರುವವರಿಗೆ ಕೊರತೆಯಿಲ್ಲ. ಇವರ ಜಾಣತನ ಸುಲಭವಾದುದು. ಹತ್ತು ಮನೆಯವರಿಗೆ “ನಿಮ್ಮ ಕೆಲಸ ಆಗುವುದು” ಎಂದು ಹೇಳಿ ಮುಂಗಡ ಪಡೆದರೆ, ಎರಡು ಮನೆಯ ಮಕ್ಕಳಿಗೆ ತಮ್ಮ ಸ್ವಂತ ಸ್ಥಾನದ ಬಲದಿಂದಲೇ ಎರಡನೆಯ ಸುತ್ತಿನಲ್ಲಿ ಸೀಟು ಬರುವುದು. ಆ ಎರಡು ಮನೆಯವರು ಜೀವಮಾನವಿಡೀ ಇವರ ಪ್ರಭಾವವನ್ನು ಹೊಗಳುವರು. ಉಳಿದ ಎಂಟು ಮನೆಯವರು ನಾಚಿಕೆಯಿಂದ ಬಾಯಿ ತೆರೆಯರು. ವಶೀಲಿಯ ಕೀರ್ತಿ ಬೆಳೆಯುವುದು ಹೀಗೆ. ಇದಕ್ಕಿಂತ ಕೆಟ್ಟ ತಂತ್ರವೂ ಉಂಟು: ಸೇರುವ ಮನಸ್ಸಿಲ್ಲದ ಅಭ್ಯರ್ಥಿಗಳ ಹೆಸರಿನಲ್ಲಿ ಸೀಟನ್ನು ಹಿಡಿದಿಟ್ಟು, ಕೊನೆಗೆ ಅದು ಖಾಲಿ ಬೀಳುವಂತೆ ಮಾಡುವುದು. ಇಂಜಿನಿಯರಿಂಗ್ ಸೀಟುಗಳಲ್ಲಿ ಹೀಗೆ ನಡೆಯಿತೆಂಬ ದೂರಿನ ಮೇಲೆ ೨೦೨೪ರ ಕೊನೆಯಲ್ಲಿ ಬೆಂಗಳೂರಿನ ಪೊಲೀಸರು ಹಲವರನ್ನು ಬಂಧಿಸಿದರು.

ಹಾಗಾದರೆ ಪರಿಚಯವೆಂಬುದರಿಂದ ಏನೂ ಪ್ರಯೋಜನವಿಲ್ಲವೆ? ಉಂಟು, ಆದರೆ ಅದು ಬೇರೆ ಬಗೆಯದು. ಕಳೆದ ವರ್ಷ ಮಗನನ್ನು ಸೇರಿಸಿದ ನೆರೆಮನೆಯವರು, ಶಾಲೆಯ ಹಳೆಯ ಉಪಾಧ್ಯಾಯರು, ಇವರನ್ನು ಸಂಕೋಚವಿಲ್ಲದೆ ಕೇಳಬಹುದು. ಕರ್ನಾಟಕದಲ್ಲಿ ಓದಿದ ವರ್ಷಗಳ ವ್ಯಾಸಂಗ ಪ್ರಮಾಣಪತ್ರಕ್ಕೆ ಯಾರ ಸಹಿ ಬೇಕು, ಜಾತಿ ಮತ್ತು ಆದಾಯದ ಪತ್ರಗಳು ಸರಿಯಾಗಿವೆಯೆ ಎಂಬುದನ್ನು ಅವರು ಹೇಳಬಲ್ಲರು. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಮೀಸಲುಂಟು. ಯಲಹಂಕದಾಚೆಯ ಹಳ್ಳಿಗಳ ಎಷ್ಟೋ ತಂದೆತಾಯಿಗಳಿಗೆ ಇದನ್ನು ಸಕಾಲದಲ್ಲಿ ಹೇಳುವವರೇ ಇರುವುದಿಲ್ಲ. ಕಾಲೇಜುಗಳನ್ನು ಮಗುವಿನ ನಿಜವಾದ ಇಷ್ಟದ ಕ್ರಮದಲ್ಲಿಯೇ ಬರೆಯಬೇಕು. ದೊರೆತುದನ್ನು ಉಳಿಸಿಕೊಂಡು ಮೇಲಿನದಕ್ಕೆ ಕಾಯುವುದೋ, ಬಿಡುವುದೋ ಎಂಬುದನ್ನು ಆ ವರ್ಷದ ನಿಯಮವನ್ನು ಓದಿಯೇ ತೀರ್ಮಾನಿಸಬೇಕು. ಒಂದು ದಿನ ತಡವಾದರೆ ಬಂದ ಸೀಟೂ ಕೈಬಿಡುವುದುಂಟು. ಇಂಥ ಸಹಾಯ ಮಾಡುವ ಪರಿಚಯವು ಯಾರ ಅನ್ನವನ್ನೂ ಕಸಿಯುವುದಿಲ್ಲ.

ಕಸಿಯುವ ಪರಿಚಯದ ಮಾತೇ ಬೇರೆ. ನಮ್ಮ ಮಗು ಒಂದು ಸ್ಥಾನ ಮೇಲಕ್ಕೆ ಹೋಗಬೇಕಾದರೆ ಇನ್ನೊಬ್ಬರ ಮಗು ಒಂದು ಸ್ಥಾನ ಕೆಳಕ್ಕೆ ಇಳಿಯಲೇಬೇಕು. ಆ ಮಗುವಿನ ಮುಖವನ್ನು ನಾವು ಕಂಡಿಲ್ಲ. ಅದರ ತಾಯಿ ಯಾವ ದೀಪದ ಮುಂದೆ ಕೈಮುಗಿದಳೋ ತಿಳಿಯದು. ಕಾಣದಿರುವುದರಿಂದ ಅನ್ಯಾಯವು ಅನ್ಯಾಯವಲ್ಲದೆ ಹೋಗುವುದಿಲ್ಲ. ಮನೆಯಲ್ಲಿ ಬೆಳೆದ ಮಕ್ಕಳೂ ಇದನ್ನು ನೋಡುತ್ತಿರುತ್ತಾರೆ. ಎರಡು ವರ್ಷ ರಾತ್ರಿ ಹಗಲು ಓದಿದ ಹುಡುಗಿಗೆ, ಓದಿಗಿಂತ ಚಿಕ್ಕಪ್ಪನ ಸ್ನೇಹಿತನೇ ದೊಡ್ಡವನೆಂದು ಹೆತ್ತವರೇ ಕಲಿಸಿದರೆ, ಮುಂದೆ ಅವಳು ರೋಗಿಯ ಮಂಚದ ಬಳಿ ನಿಂತಾಗ ತನ್ನ ವಿದ್ಯೆಯನ್ನು ಹೇಗೆ ನಂಬಿಯಾಳು? ನಾವಾದರೂ ಮನೆಯಲ್ಲಿ ಕಾಯಿಲೆ ಬಂದ ದಿನ, ಓದಿ ಗೆದ್ದ ಡಾಕ್ಟರನ್ನು ಹುಡುಕುವೆವೇ ಹೊರತು ಶಿಫಾರಸಿನಿಂದ ಬಂದವರನ್ನಲ್ಲ.

ಸೀಟು ಬಾರದಿದ್ದರೆ ಇನ್ನೊಂದು ವರ್ಷ ಓದಬಹುದು. ದಂತವೈದ್ಯ, ಆಯುರ್ವೇದ, ಪಶುವೈದ್ಯ, ಶುಶ್ರೂಷೆಗಳೂ ಗೌರವದ ವೃತ್ತಿಗಳೇ. ಹೆಬ್ಬಾಳದ ಪಶುವೈದ್ಯ ಕಾಲೇಜು ನಮ್ಮ ಮನೆಬಾಗಿಲಿನಲ್ಲಿಯೇ ಇದೆ. ಆ ಕಾಯುವ ವಾರಗಳಲ್ಲಿ ಮಗುವಿಗೆ ಬೇಕಾದುದು ಮಂತ್ರಿಗಳ ಕಾಗದವಲ್ಲ. ಹೊತ್ತಿಗೆ ಸರಿಯಾದ ಊಟ, ಸರಿಯಾದ ಮಾಹಿತಿ, ಮತ್ತು ಬಂದರೂ ಬಾರದಿದ್ದರೂ ನೀನು ನಮ್ಮ ಮಗುವೇ ಎಂಬ ಹೆತ್ತವರ ಒಂದು ಮಾತು.