ತೊರವಿಯ ನೀರು, ಸಮಷ್ಟಿಯ ನೆನಪು

ವಿಜಯಪುರಕ್ಕೆ ಸಮೀಪದ ತೊರವಿಯನ್ನು ಕನ್ನಡಿಗರು ಕುಮಾರ ವಾಲ್ಮೀಕಿಯ ರಾಮಾಯಣದಿಂದ ಬಲ್ಲರು. ಆ ಊರಿನ ನೆಲದೊಳಗೆ ಮತ್ತೊಂದು ಕೃತಿಯುಂಟು. ಅದರ ಕರ್ತೃ ಒಬ್ಬನಲ್ಲ. ಆದಿಲಶಾಹಿ ಅರಸರ ಕಾಲದಲ್ಲಿ ತೊರವಿಯ ನೀರನ್ನು ರಾಜಧಾನಿಗೆ ತಂದ ಸುರಂಗ ಬಾವಡಿಯೇ ಅದು.

ಇಂಥ ಕಾಮಗಾರಿಯ ರೀತಿಯನ್ನು ವಾಚಕರು ವಿಚಾರಿಸಿ ನೋಡಬೇಕು. ಸಾಲಾಗಿ ಬಾವಿಗಳನ್ನು ತೋಡಿ, ಒಂದರ ತಳದಿಂದ ಇನ್ನೊಂದರ ತಳಕ್ಕೆ ಸುರಂಗ ಕೊರೆದು, ನೀರು ತಾನಾಗಿಯೇ ಹರಿಯುವಷ್ಟು ಇಳಿಜಾರನ್ನು ಉದ್ದಕ್ಕೂ ಕಾಯಬೇಕು. ಮಣ್ಣೆತ್ತುವುದಕ್ಕೂ ಗಾಳಿಗೂ, ಮುಂದೆ ಹೂಳು ತೆಗೆಯುವುದಕ್ಕೂ ಆ ಬಾವಿಗಳೇ ದಾರಿ. ಕೆಳಗೆ ಅಗೆಯುವವನಿಗೆ ಮೇಲಿನ ಗುರುತು ಕಾಣದು. ಮೇಲೆ ನಿಂತವನಿಗೆ ಕೆಳಗಿನ ಬಂಡೆ ಕಾಣದು. ಮಟ್ಟದ ಲೆಕ್ಕ ಒಬ್ಬನಲ್ಲಿ, ಕಲ್ಲಿನ ಗುಣದ ಅರಿವು ಇನ್ನೊಬ್ಬನಲ್ಲಿ. ಪೂರ್ಣ ಜ್ಞಾನವು ಯಾವನೊಬ್ಬನ ತಲೆಯಲ್ಲಿಯೂ ಇರದೆ ತಂಡದಲ್ಲಿಯೇ ಇರುತ್ತದೆ.

ಪಶ್ಚಿಮದ ಪಂಡಿತರೂ ಈ ಮಾತಿಗೇ ಬಂದು ಮುಟ್ಟಿದ್ದಾರೆ. ವ್ಯಕ್ತಿಯ ನೆನಪಿಗೆ ಸಮಾಜವೇ ಚೌಕಟ್ಟೆಂದು ಫ್ರಾನ್ಸಿನ ಹಾಲ್‌ಬ್ವಾಕ್ಸ್ 1925ರಲ್ಲಿ ಪ್ರತಿಪಾದಿಸಿದನು. ಕೂಡಿ ಬಾಳುವವರು ನೆನಪಿನ ಭಾರವನ್ನು ಹಂಚಿಕೊಳ್ಳುವರು, ಯಾವುದು ಯಾರಿಗೆ ಗೊತ್ತೆಂಬುದನ್ನು ಅರಿತಿದ್ದರೆ ಸಾಕು ಎಂಬ ವಿಚಾರವನ್ನು ಅಮೇರಿಕದ ವೆಗ್ನರ್ 1985ರಲ್ಲಿ ಮುಂದಿಟ್ಟನು. ಹಡಗಿನ ದಾರಿಯನ್ನು ಕಂಡುಹಿಡಿಯುವುದು ಒಬ್ಬ ನಾವಿಕನ ಬುದ್ಧಿಯಲ್ಲ, ನಾವಿಕರೂ ಅವರ ಉಪಕರಣಗಳೂ ಕೂಡಿದ ಬುದ್ಧಿಯೆಂದು ಹಚಿನ್ಸ್ 1995ರಲ್ಲಿ ತೋರಿಸಿದನು.

ಹಂಚಿಟ್ಟ ನೆನಪಿಗೆ ಒಂದು ಅಪಾಯವುಂಟು: ಕೂಟ ಚದುರಿದರೆ ಅದೂ ಚದುರುವುದು. 1686ರಲ್ಲಿ ವಿಜಯಪುರವು ಔರಂಗಜೇಬನ ವಶವಾಯಿತು. ರಾಜಧಾನಿಯ ವೈಭವ ಇಳಿಯಿತು. ಕಲ್ಲು ಉಳಿಯಿತು, ಅದನ್ನು ಕಾಯುವ ಕೂಟ ಉಳಿಯಲಿಲ್ಲ. ಅಂದು ಕೆಲಸಗಾರನಿಗೆ ಸಹಜವಾಗಿದ್ದ ತಿಳಿವಳಿಕೆಯನ್ನು ಇಂದು ಸಂಶೋಧಕರು ಬಾವಿಯ ಬಾಯಿಗಳನ್ನು ಹುಡುಕುತ್ತ ಮತ್ತೆ ಕೂಡಿಸಬೇಕಾಗಿದೆ. ಅದೇ ತೊರವಿಯ ರಾಮಾಯಣವಾದರೋ ಅಳಿಯಲಿಲ್ಲ. ಓಲೆಯಲ್ಲಿ ಅದು ಬರೆದಿತ್ತು. ಓದುವವನು, ಅರ್ಥ ಹೇಳುವವನು, ಕೇಳುವವರು ಎಂಬ ಕೂಟವೂ ತಲೆಮಾರಿನಿಂದ ತಲೆಮಾರಿಗೆ ಕೂಡುತ್ತ ಬಂದಿತು. ಬರಹ, ಬಳಕೆ ಎರಡೂ ಇದ್ದಲ್ಲಿ ನೆನಪು ಬಾಳುವುದು.

ನಮ್ಮ ಕಚೇರಿಗಳೂ ನಗರಸಂಸ್ಥೆಗಳೂ ಇದರಿಂದ ಪಾಠ ಕಲಿಯಬೇಕು. ಕಡತದಲ್ಲಿ ಖರ್ಚಿನ ಲೆಕ್ಕವಿರುತ್ತದೆ. ಯಾವ ಓಣಿಯ ಕೊಳವೆ ಎಲ್ಲಿ ತಿರುಗಿದೆಯೆಂಬುದು ಹಳೆಯ ನೌಕರನ ತಲೆಯಲ್ಲಿರುತ್ತದೆ. ಅವನು ನಿವೃತ್ತನಾಗುವ ದಿನ ಹಾರ ಹಾಕಿ ಕಳಿಸುತ್ತೇವೆ. ಹಾರದೊಡನೆ ಆ ತಿಳಿವಳಿಕೆಯೂ ಮನೆಗೆ ಹೋಗುತ್ತದೆ. ಅದಕ್ಕೆ ಒಂದು ವರ್ಷ ಮೊದಲೇ ಹೊಸಬನೊಬ್ಬನು ಅವನೊಡನೆ ಓಣಿ ಓಣಿ ತಿರುಗಲಿ, ಕಂಡದ್ದನ್ನು ನಕಾಶೆಗೆ ಇಳಿಸಲಿ. ಇದಕ್ಕೆ ದೊಡ್ಡ ಅನುದಾನ ಬೇಡ. ತೊರವಿಯ ನೀರನ್ನು ತಂದವರ ಹೆಸರು ನಮಗೆ ತಿಳಿಯದು. ಅವರ ಕೂಡುಬುದ್ಧಿಯನ್ನಾದರೂ ಕಳೆದುಕೊಳ್ಳದಿರೋಣ.